ನೀರು ಕಟ್ಟಿ ಅಂದರೆ

ಕಾಲುವೆ ಇಲಾಖೆಯನ್ನೂ ನಲ್ಲಿ ನೀರಿನ ಇಲಾಖೆಯನ್ನೂ ಒಂದೇ ಕಚೇರಿಗೆ ತುರುಕಿದ ಪುಣ್ಯಾತ್ಮರು ಕುರ್ಚಿ ಮೇಜುಗಳನ್ನು ಒಂದು ಮಾಡಿದರೇ ಹೊರತು ಮಾತನ್ನು ಒಂದು ಮಾಡಲಿಲ್ಲ. ‘ನೀರು ಕಟ್ಟು’ ಎಂದರೆ ಕಾಲುವೆಯವರಿಗೆ ನೀರು ಹಾಯಿಸು; ನಲ್ಲಿಯವರಿಗೆ ನೀರು ನಿಲ್ಲಿಸು. ಮೇಲ್ವಿಚಾರಕಿ ನಲ್ಲಿ ಕಡೆಯವಳು. ಅವಳ ಗಂಡ ವಾಲ್ವ್‌ಮನ್, ಕಾಲುವೆ ಕಡೆಯವನು. ಮನೆಯಲ್ಲಿ ಅದೊಂದು ತಮಾಷೆಯಾಗಿತ್ತು.

ಹೋದ ವಾರ ತಮಾಷೆ ಮುಗಿಯಿತು. ನಲ್ಲಿ ಕಡೆಯಿಂದ ಬಂದ ದೊಡ್ಡ ಸಾಹೇಬರು ನೀರು ನಿಲ್ಲಿಸಲೆಂದು ಫೋನಿನಲ್ಲಿ ‘ಕಟ್ರಿ’ ಎಂದರು. ಗುಡ್ಡದ ಮೇಲಿದ್ದ ಗಂಡ ಚಕ್ರ ತಿರುಗಿಸಿ ನೀರು ಬಿಟ್ಟ. ಕೆಳಗೆ ಊರಿನ ದೊಡ್ಡ ಪೈಪಿನೊಳಗೆ ರಿಪೇರಿಗೆ ಇಳಿದಿದ್ದವರು ಆ ಹೊತ್ತಿಗೆ ಚಹಾಕ್ಕೆ ಹೋಗಿದ್ದರಿಂದ ಬಚಾವಾದರು, ಸಾಮಾನೆಲ್ಲ ಕೊಚ್ಚಿಹೋಯಿತು. ಇವತ್ತು ಅದೇ ಪೈಪಿನೊಳಗೆ ಬೆಸುಗೆ ಹಾಕಲು ಇಳಿಯಬೇಕಾದವನು ಅವಳ ತಮ್ಮ.

“ಇನ್ಮೇಲೆ ತೆರಿ, ಮುಚ್ಚು, ಎರಡೇ ಮಾತು ಸಾರ್. ಕಟ್ಟು ಅನ್ನೋದು ಬೇಡ,” ಎಂದಳು ಅವಳು, ಪೈಪಿಗೆ ಇಳಿಯುವ ಗುಂಡಿಯ ಬಳಿ ನಿಂತಿದ್ದ ಸಾಹೇಬರಿಗೆ.

“ಬಿಡಮ್ಮ, ಇಷ್ಟು ವರ್ಷದ ಅಭ್ಯಾಸ. ನಾಲಿಗೆ ತಿರುಗಬೇಕಲ್ಲ?”

“ತಿರುಗೋವರೆಗೂ ಇವನು ಇಳಿಯಲ್ಲ.” ಅವಳು ಹೋಗಿ ಗುಂಡಿಯ ಮುಚ್ಚಳದ ಮೇಲೇ ಕೂತುಬಿಟ್ಟಳು.

“ಅಕ್ಕಾ, ಏಳು, ಎಲ್ಲರೂ ನೋಡ್ತಿದಾರೆ. ಮಾನ ತೆಗೀಬೇಡ,” ಎಂದ ತಮ್ಮ.

“ಮಾನ ಹೋದ್ರೆ ಹೋಗ್ಲಿ. ನೀನು ಇರು.”

ಅರ್ಧ ಊರಿನ ನಲ್ಲಿಗಳು ಒಣಗಿ ಕೂತಿದ್ದವು. ಸಾಹೇಬರು ಕೂಗಾಡಿದರು, ಬೇಡಿಕೊಂಡರು, ಕೊನೆಗೆ “ಆಯ್ತಮ್ಮ, ನಿನ್ನ ಹಟವೇ ಗೆಲ್ಲಲಿ” ಎಂದರು. ಅಷ್ಟಕ್ಕೇ ಬಿಡುವ ಹೆಂಗಸಲ್ಲ ಅವಳು. ಗಂಡನಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದಳು.

“ಮುಚ್ಚು ಅಂದ್ರೆ?”

“ನೀರು ನಿಲ್ಸೋದು.”

“ಕಟ್ಟು ಅಂದ್ರೆ?”

“ಅಂಥ ಮಾತೇ ಇಲ್ಲ ಮಾರಾಯ್ತಿ.”

ಆಗ ಎದ್ದಳು. ತಮ್ಮ ಇಳಿದ.

ಕೆಲಸ ಅರ್ಧವೂ ಆಗಿರಲಿಲ್ಲ, ಪೈಪಿನ ತಳದಲ್ಲಿ ನೀರು ಜಿನುಗತೊಡಗಿತು. ಗುಡ್ಡದ ಮೇಲಿನ ವಾಲ್ವ್ ಸರಿಯಾಗಿ ಕೂತಿರಲಿಲ್ಲ. ಅವಳು ಬಾಯಿ ತೆರೆಯುವ ಮೊದಲೇ ಸಾಹೇಬರು ಗಾಬರಿಯಿಂದ ಗಂಡ ಇನ್ನೂ ಲೈನಿನಲ್ಲೇ ಇದ್ದ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ಅರಚಿದರು: “ಏಯ್, ನೀರು ಕಟ್ರಿ! ಬೇಗ ಕಟ್ರಿ!”

ಅವಳು ಫೋನಿಗೆ ಕೈಚಾಚಿದಳು. ಸಾಹೇಬರ ಮಾತಿಗೆ ಇವತ್ತಿನವರೆಗೂ ಒಮ್ಮೆಯೂ ಎದುರಾಡಿದವನಲ್ಲ ಅವಳ ಗಂಡ.

“ಅಂಥ ಮಾತೇ ಇಲ್ಲ ಸಾರ್,” ಎಂದಿತು ಫೋನು. “ತೆರೀಲೋ, ಮುಚ್ಚಲೋ?”

ಸಾಹೇಬರ ಮುಖ ಬಿಳಿಚಿಕೊಂಡಿತು. “ಮುಚ್ರಿ,” ಎಂದರು ಮೆಲ್ಲಗೆ. “ಮುಚ್ರಿ.”

ಜಿನುಗು ನಿಂತಿತು.

“ಯಾರಕ್ಕಾ ಅದು ಕೂಗಿದ್ದು?” ಕೆಳಗಿನಿಂದ ತಮ್ಮನ ದನಿ.

“ಯಾರೂ ಇಲ್ಲ. ನೀನು ಕೆಲಸ ನೋಡು,” ಎಂದಳು ಅವಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.