ಹತ್ತಿರ ಹೋದರೆ ಓಡುವ ಬಟನ್‌ಗಳು

ನಿಂಗ್ರುಮ್ ನಮ್ಮ ಕಚೇರಿಗೆ ಸೇರಿದ ಹೊಸದರಲ್ಲೇ ಚಾಕ್ ರೊಕಿಮ್ ಬರೆದಿದ್ದ ಅರ್ಧ ಪುಟ ಕೋಡನ್ನು ಕೇಳದೆ ಅಳಿಸಿಹಾಕಿದಳು. ಅವರು ಹಾರಾಡಿದಾಗ, "ಕೇಳಿದ್ರೆ ಬೇಡ ಅಂತಿದ್ರಿ, ಚಾಕ್. ಈಗ ಮೊದಲಿಗಿಂತ ಬೇಗ ಓಡ್ತಿದೆ, ನೋಡಿ" ಅಂದಳು. ನಿಜಕ್ಕೂ ಓಡುತ್ತಿತ್ತು. ರೊಕಿಮ್ ನಮಗೆಲ್ಲ ಹಿರಿಯರು, ಅದಕ್ಕೇ ಚಾಕ್, ಅಂದರೆ ಅಣ್ಣ. ಆ ದಿನದಿಂದ ಅಣ್ಣನೂ ತಂಗಿಯೂ ಒಂದೇ ಮೇಜಿನ ಆಚೆ ಈಚೆ ಕೂತು ಜಗಳವಾಡುವುದು ನಮ್ಮ ಕಚೇರಿಯ ಹಿನ್ನೆಲೆ ಸಂಗೀತವಾಯಿತು.

ನನ್ನ ಹೆಸರು ಗಿಯಾಂತೊ, ನಿಂಗ್ರುಮ್ ಬಾಯಲ್ಲಿ ಮಾಸ್ ಗಿ; ಮಾಸ್ ಅಂದರೂ ಅಣ್ಣನೇ. ಅವರಿಬ್ಬರೂ ಕಟ್ಟಿದ್ದನ್ನು ಮುರಿದು ತೋರಿಸುವುದು ನನ್ನ ಕೆಲಸ. ಸುರಬಾಯದ ಬಂದರಿನಿಂದ ದ್ವೀಪಗಳಿಗೆ ಹೋಗುವ ಸಣ್ಣ ಹಡಗುಗಳಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕೆಂದು ಯೋಜಿಸುವ ಪ್ರೋಗ್ರಾಂ ನಮ್ಮದು. ಪರದೆಯ ಮೇಲೆ ಹಡಗಿನ ಸೀಳುನೋಟ ಬರುತ್ತದೆ. ಹಡಗಿನೊಳಗೆ ಅಂಕಣಗಳು, ಅಂಕಣದೊಳಗೆ ಸಾಲುಗಳು, ಸಾಲಿನೊಳಗೆ ಪೆಟ್ಟಿಗೆಗಳು. ಮೌಸಿನ ಬಾಣ ಪೆಟ್ಟಿಗೆಯ ಮೇಲೆ ಬಂದರೆ ಅದು ಬೆಳಗುತ್ತದೆ. ಕ್ಲಿಕ್ ಮಾಡದೆಯೇ ಅದರ ಗೆರೆಯೊಳಗೇ, ನೆತ್ತಿಯ ಭಾಗದಲ್ಲಿ ಒಂದು ಸಣ್ಣ ಪಟ್ಟಿ ತೆರೆದು ತೂಕ, ಊರು, ಒಳಗಿನ ಸಾಮಾನು ತೋರಿಸುತ್ತದೆ. ಈ ಪಟ್ಟಿ ನಿಂಗ್ರುಮ್‌ಳ ಯೋಚನೆ.

ಹಡಗು ಕಂಪನಿಯೊಂದಕ್ಕೆ ಅದನ್ನು ತೋರಿಸುವ ಹಿಂದಿನ ದಿನ ನಾವು ಪಾಕ್, ಅಂದರೆ ಅಪ್ಪ, ಎಂದು ಕರೆಯುವ ನಮ್ಮ ಯಜಮಾನ ಹಾಂಡೊಕೊ, "ಆ ಪಟ್ಟಿಯಲ್ಲೇ ಎತ್ತು, ಸರಿಸು, ತಡೆ ಅಂತ ಮೂರು ಬಟನ್ ಇಟ್ಟುಬಿಡಮ್ಮ. ಎಷ್ಟು ಹೊತ್ತಿನ ಕೆಲಸ?" ಎಂದರು. ನಿಂಗ್ರುಮ್ ಇಟ್ಟಳು. ನೋಡಲು ಬಹಳ ಚೆನ್ನಾಗಿತ್ತು.

ಹಡಗು ಕಂಪನಿಯಲ್ಲಿ ಯೋಜನೆಯ ಕುರ್ಚಿ ಬು ತುತಿಕ್ ಎಂಬ ಹಿರಿಯ ಹೆಂಗಸಿನದು; ಬು ಅಂದರೆ ಅಮ್ಮ. ಬಂದರಿನಲ್ಲಿ ಅವರ ಬಾಯಿಗೆ ಹೆದರದ ಕ್ರೇನ್ ಚಾಲಕನಿಲ್ಲ. ನಮ್ಮ ಮಾತುಗಳನ್ನು ಕೇಳುವ ವ್ಯವಧಾನವಿಲ್ಲದೆ ಅವರು ಮೌಸನ್ನು ತಾವೇ ಹಿಡಿದರು. ಪೆಟ್ಟಿಗೆಯ ಮೇಲೆ ಬಾಣ ಇಟ್ಟರು, ಪಟ್ಟಿ ಬಂತು. ಬಟನ್ ಒತ್ತಲು ಬಾಣವನ್ನು ಮೇಲೆ ಸರಿಸಿದರು, ಪಟ್ಟಿ ಮಾಯ. ಮತ್ತೆ ಬಂತು, ಮತ್ತೆ ಮಾಯ. ಕೆಟ್ಟ ಟ್ಯೂಬ್‌ಲೈಟಿನ ಹಾಗೆ ಮಿಣಮಿಣ ಮಿನುಗತೊಡಗಿತು.

"ಏನ್ರೀ ಇದು ಪಾಕ್ ಹಾಂಡೊಕೊ?" ಬು ತುತಿಕ್ ಕುರ್ಚಿಗೆ ಒರಗಿದರು. "ಬಟನ್ನೋ, ಮೀನು ಕದ್ದ ಬೆಕ್ಕೋ? ಹತ್ತಿರ ಹೋದ್ರೆ ಓಡುತ್ತೆ!"

ಅವರ ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದರು. ಪಾಕ್ ಹಾಂಡೊಕೊ ಕಿವಿ ಕೆಂಪಾಗಿ, ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ನಿಂಗ್ರುಮ್ ಮುಂದೆ ಬಂದಳು.

"ತಪ್ಪು ನನ್ನದು, ಬು. ಸರಿಮಾಡೋಳೂ ನಾನೇ."

"ಯಾವಾಗ?"

"ಗುರುವಾರ ಬರ್ತೀನಿ."

"ಗುರುವಾರ ನನಗೆ ಅಂಬೊನ್‌ಗೆ ಹೋಗೋ ಹಡಗು ಇದೆ, ಮಗಳೇ. ಆಟ ಆಡೋಕೆ ಟೈಮಿಲ್ಲ."

"ಅದಕ್ಕೇ ಗುರುವಾರ. ಆ ಹಡಗನ್ನೇ ಇದರಲ್ಲಿ ತುಂಬಿ."

ಬು ತುತಿಕ್ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿ, "ಧೈರ್ಯಕ್ಕೇನೂ ಕಮ್ಮಿ ಇಲ್ಲ" ಎಂದು ವಾಕಿ-ಟಾಕಿ ಎತ್ತಿಕೊಂಡರು. ಹೊರಡಿ ಎಂದು ಅದರ ಅರ್ಥ.

ಕಚೇರಿಗೆ ಬಂದ ಮೇಲೆ ಸಂಗತಿ ಕೇಳಿದ ಚಾಕ್ ರೊಕಿಮ್, ಕಡಲೆಕಾಯಿ ಸುಲಿಯುತ್ತಾ, ಮದ್ದು ತಮ್ಮ ಜೇಬಿನಲ್ಲೇ ಇರುವವರಂತೆ ನಕ್ಕರು.

"ಸುಲಭ. ಬಾಣ ಹೋದ ತಕ್ಷಣ ಪಟ್ಟಿ ಮುಚ್ಚಬೇಡ. ಅರ್ಧ ಸೆಕೆಂಡ್ ಕಾದು ಮುಚ್ಚು. ಅಷ್ಟರಲ್ಲಿ ಬಾಣ ಬಟನ್ ತಲುಪಿರುತ್ತೆ."

"ಅದು ವಾಸಿ ಮಾಡೋದಲ್ಲ, ಚಾಕ್. ಹುಣ್ಣಿನ ಮೇಲೆ ಬಟ್ಟೆ ಕಟ್ಟೋದು."

"ಬಟ್ಟೆ ಕಟ್ಟಿದ್ರೆ ನೊಣ ಕೂರಲ್ಲ ತಾನೆ?"

ಪಾಕ್ ಹಾಂಡೊಕೊಗೆ ನೊಣ ಕೂರದಿದ್ದರೆ ಸಾಕಾಗಿತ್ತು. "ರೊಕಿಮ್ ಹೇಳಿದ ಹಾಗೇ ಮಾಡಿ" ಅಂದರು. ಮಾಡಿ ನನ್ನ ಕೈಗೆ ಕೊಟ್ಟರು. ನಾನು ಬು ತುತಿಕ್ ಥರ, ಒಂದು ಸಾಲಿನ ಮೇಲೆ ಎಡದಿಂದ ಬಲಕ್ಕೆ ಬಾಣವನ್ನು ಸರ್ರನೆ ಎಳೆದೆ. ದಾಟಿ ಬಂದ ಪೆಟ್ಟಿಗೆಗಳೆಲ್ಲ ಅರ್ಧ ಸೆಕೆಂಡ್ ಕಾಯುತ್ತಾ ತಮ್ಮ ತಮ್ಮ ಪಟ್ಟಿಗಳನ್ನು ಎತ್ತಿ ಹಿಡಿದವು. ಒಂದರ ಪಕ್ಕ ಒಂದು ಪಟ್ಟಿ, ಯಾವುದು ಯಾರದೆಂದು ತಿಳಿಯದು. ಸಿಮೆಂಟಿನ ಪೆಟ್ಟಿಗೆ ಎತ್ತಲು ಬಟನ್ ಒತ್ತಿದರೆ ಪಕ್ಕದ ಔಷಧಿ ಪೆಟ್ಟಿಗೆ ಎದ್ದಿತು.

"ನೊಣ ಕೂತಿದೆ" ಅಂದೆ.

ಚಾಕ್ ರೊಕಿಮ್ ಪರದೆ ನೋಡಿ ಕಡಲೆಕಾಯಿ ಸುಲಿಯುವುದನ್ನು ನಿಲ್ಲಿಸಿದರು. ಪಾಕ್ ಹಾಂಡೊಕೊ ಅಂಗೈಯಿಂದ ಮುಖ ಉಜ್ಜಿಕೊಂಡರು. "ತಾನಾಗಿ ತೆರೆಯೋ ಪಟ್ಟಿಯೇ ಬೇಡ. ತೆಗೆದುಹಾಕಿ. ಕ್ಲಿಕ್ ಮಾಡಿದ್ರೆ ಮಾತ್ರ ಪಟ್ಟಿ ಬರೋ ಹಾಗೆ ಇರಲಿ. ಮರ್ಯಾದೆ ಉಳಿಯುತ್ತೆ."

"ಗುರುವಾರದವರೆಗೆ ಬಿಡಿ, ಪಾಕ್" ಅಂದಳು ನಿಂಗ್ರುಮ್. ಕೇಳಿಕೊಂಡ ದನಿಯಲ್ಲ ಅದು. ತಿಳಿಸಿದ ದನಿ.

ಮರುದಿನ ಬೆಳಿಗ್ಗೆ ಅವಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ ಎಂದುಕೊಂಡಿದ್ದೆ. ಬದಲಿಗೆ ನನ್ನ ಬೈಕಿನ ಹಿಂದೆ ಕೂತು, "ಬಂದರಿಗೆ ನಡಿ, ಮಾಸ್ ಗಿ" ಅಂದಳು. ಬು ತುತಿಕ್ ನಮ್ಮನ್ನು ನೋಡಿ, "ಇವತ್ತು ಗುರುವಾರವಾ?" ಎಂದು ಕೇಳಿದರು. ಮೂಲೆಯಲ್ಲಿ ಕೂತು ನೋಡಲು ಬಿಡಿ ಎಂದು ನಿಂಗ್ರುಮ್ ಹೇಳಿದಾಗ, "ನಾನೇನು ಟಿವಿ ಧಾರಾವಾಹಿನಾ?" ಎಂದು ಗೊಣಗಿ, ಕುರ್ಚಿ ತೋರಿಸಿದರು.

ಹಳೆಯ ಪ್ರೋಗ್ರಾಂನಲ್ಲಿ ಅವರು ಕೆಲಸ ಮಾಡುವುದನ್ನು ಮಧ್ಯಾಹ್ನದ ಅಜಾನ್‌ವರೆಗೂ ನೋಡಿದೆವು. ಒಂದು ಕೈಯಲ್ಲಿ ವಾಕಿ-ಟಾಕಿ, ಇನ್ನೊಂದರಲ್ಲಿ ಮೌಸ್. ಅವರು ಬಾಣವನ್ನು ಬೆರಳಿನ ಹಾಗೆ ಬಳಸುತ್ತಿದ್ದರು. ಪೆಟ್ಟಿಗೆಗಳ ಮೇಲೆ ಆಡಿಸುತ್ತಾ, ತುಟಿ ಅಲುಗಿಸುತ್ತಾ, ಒಂದರ ಮೇಲೆ ನಿಂತು ಯೋಚಿಸುತ್ತಾ, ಅತ್ತ ಕ್ರೇನಿನವನಿಗೆ ಬೈಯುತ್ತಾ. ಕ್ಲಿಕ್ ಎಂಬುದು ಅವರಿಗೆ ತೀರ್ಮಾನ. ತೀರ್ಮಾನಕ್ಕೆ ಮೊದಲಿನದೆಲ್ಲ ಬರೀ ಸುಳಿದಾಟ.

"ಕ್ಲಿಕ್ ಮಾಡಿದ್ರೆ ಪಟ್ಟಿ ಬಂದ್ರೆ ನಿಮಗೆ ಸಾಕಾ, ಬು?" ನಿಂಗ್ರುಮ್ ಕೇಳಿದಳು.

"ಸಂತೆಯಲ್ಲಿ ತರಕಾರಿ ನೋಡೋಕೂ ಮುಂಚೆ ಚೀಲಕ್ಕೆ ಹಾಕ್ಕೋತೀಯಾ ನೀನು?"

ಹೊರಗೆ ಬಂದ ಮೇಲೆ ನಿಂಗ್ರುಮ್ ಹೆಲ್ಮೆಟ್ ಹಾಕಿಕೊಳ್ಳುತ್ತಾ, "ಕ್ಲಿಕ್ ಮಾಡದೇನೇ ಪಟ್ಟಿ ಬರಲೇಬೇಕು" ಅಂದಳು. ಅವಳಿಗೆ ಬೇಕಿದ್ದದ್ದು ಅಷ್ಟೇ.

ಆಮೇಲೆ ಅವಳು ರೋಗದ ಬುಡಕ್ಕೆ ಹೋದಳು. ಪಟ್ಟಿಯಲ್ಲಿ ಬರೀ ಅಕ್ಷರಗಳಿದ್ದಾಗ ಬಾಣ ಅದರ ಮೇಲೆ ಎಲ್ಲೇ ಇದ್ದರೂ ಪೆಟ್ಟಿಗೆಯ ಮೇಲೆ ಇದ್ದ ಹಾಗೇ. ಬಟನ್‌ಗಳು ಬಂದ ಮೇಲೆ ಕಂಪ್ಯೂಟರಿನ ಲೆಕ್ಕದಲ್ಲಿ ಅವು ಬೇರೆಯೇ ವಸ್ತುಗಳು. ಬಾಣ ಬಟನ್ ಮೇಲೆ ಹೋದೊಡನೆ ಕಂಪ್ಯೂಟರ್ ಪೆಟ್ಟಿಗೆಗೆ, 'ನಿನ್ನನ್ನು ಬಿಟ್ಟು ಹೋಯಿತು' ಎಂದು ಸುದ್ದಿ ಕೊಡುತ್ತಿತ್ತು. ಪೆಟ್ಟಿಗೆ ನಂಬಿ ಪಟ್ಟಿ ಮುಚ್ಚುತ್ತಿತ್ತು. ಪಟ್ಟಿ ಹೋದರೆ ಬಾಣದ ಕೆಳಗೆ ಮತ್ತೆ ಪೆಟ್ಟಿಗೆಯೇ. 'ಬಂತು' ಎಂದು ಸುದ್ದಿ, ಪಟ್ಟಿ ತೆರೆಯುತ್ತಿತ್ತು. ಮಿನುಗಿದ್ದು ಹಾಗೆ.

"ಅಡುಗೆಮನೆಯಿಂದ ಕೋಣೆಗೆ ಹೋದ್ರೆ ಮನೆ ಬಿಟ್ಟು ಹೋದ ಹಾಗಾ, ಪಾಕ್?" ಎಂದು ಅವಳು ಪಾಕ್ ಹಾಂಡೊಕೊಗೆ ಬಿಡಿಸಿ ಹೇಳಿದಳು. "ಬಾಣ ಹೋಯ್ತು ಅಂತ ಸುದ್ದಿ ಬಂದಾಗ, ಎಲ್ಲಿಗೆ ಹೋಯ್ತು ಅಂತ ಪೆಟ್ಟಿಗೆ ಒಂದು ಮಾತು ಕೇಳ್ಬೇಕು."

ಮೊದಲು ಅವಳು ಸುಲಭದ ದಾರಿ ಹಿಡಿದಳು. ಬಾಣ ಪೆಟ್ಟಿಗೆಯ ನಾಲ್ಕು ಗೆರೆಗಳ ಒಳಗಿದ್ದರೆ ಮುಚ್ಚಬೇಡ ಎಂದು ಬರೆದಳು. ಮಿನುಗುವುದು ನಿಂತಿತು. ನಾನು ತುತ್ತತುದಿಯ ಪೆಟ್ಟಿಗೆ ಹುಡುಕಿದೆ. ಹಡಗು ಕಿರಿದಾಗುವ ಅಲ್ಲಿ ಪಟ್ಟಿಗೆ ಜಾಗ ಸಾಲದೆ ಅದು ಪಕ್ಕದ ಪೆಟ್ಟಿಗೆಯ ಮೇಲೆ ಚಾಚಿಕೊಂಡಿತ್ತು. ಬಾಣ ಆ ಚಾಚಿದ ಭಾಗಕ್ಕೆ ಹೋದೊಡನೆ ಪಟ್ಟಿ ಮಾಯವಾಗಿ ಪಕ್ಕದ ಪೆಟ್ಟಿಗೆ ಬೆಳಗಿತು.

"ಕೆಟ್ಟವನೇ" ಎಂದು ನಿಂಗ್ರುಮ್ ನಗುತ್ತಲೇ ಬೈದಳು. ಆಮೇಲೆ ಸುಮ್ಮನೆ ಕಿಟಕಿಯಾಚೆ ನೋಡುತ್ತಾ ಕೂತಳು. ನಮ್ಮ ಓಣಿಯಲ್ಲಿ ಬಟ್ಟೆ ಒಣಹಾಕುವ ಬಿದಿರುಗಳು ಎದುರುಮನೆಯ ಸೂರಿನವರೆಗೆ ಚಾಚಿರುತ್ತವೆ. ಅವಳು ನೋಡುತ್ತಿದ್ದುದು ಅದನ್ನೋ ಅಲ್ಲವೋ, ತಿರುಗಿ ಹೇಳಿದ್ದು ಮಾತ್ರ ಇಷ್ಟು: "ಎಲ್ಲಿ ನೇತಾಡ್ತಿದೆ ಅಂತ ಕೇಳ್ಬಾರ್ದು. ಯಾರದ್ದು ಅಂತ ಕೇಳ್ಬೇಕು."

ಹಿಂದೆ ಬರೆದದ್ದನ್ನೆಲ್ಲ ಅವಳು ಅಳಿಸಿದಳು. ಪ್ರತಿ ಪೆಟ್ಟಿಗೆಯೂ ತಾನೇ ತೀರ್ಮಾನಿಸುವುದನ್ನು ಬಿಡಿಸಿ, ಇಡೀ ಹಡಗಿಗೆ ಒಂದೇ ಕಡೆ ವಿಚಾರಣೆ ಇಟ್ಟಳು. ಬಾಣ ಈಗ ಯಾವುದರ ಮೇಲಿದೆ? ಬಟನ್. ಬಟನ್ ಯಾರದು? ಪಟ್ಟಿಯದು. ಪಟ್ಟಿ? ಈ ಪೆಟ್ಟಿಗೆಯದು. ಪೆಟ್ಟಿಗೆ? ಸಾಲಿನದು. ಹೀಗೆ ಹಡಗಿನವರೆಗೆ ಹತ್ತಿ ಹೋಗುವುದು. ಆ ಸರಪಳಿಯಲ್ಲಿ ಇರುವವರೆಲ್ಲ ಬೆಳಗಲಿ, ಇಲ್ಲದವರೆಲ್ಲ ಆರಲಿ. ಕಾಯುವುದೂ ಇಲ್ಲ, ಅಂದಾಜೂ ಇಲ್ಲ.

ನಾನು ಎಷ್ಟು ತಿಣುಕಿದರೂ ಮುರಿಯಲಿಲ್ಲ. ಮುರಿದವರು ಚಾಕ್ ರೊಕಿಮ್. ಎದ್ದು ಬಂದು, ನನ್ನ ಕೈಯಿಂದ ಮೌಸ್ ತೆಗೆದುಕೊಂಡು, ಒಂದು ಪೆಟ್ಟಿಗೆಯ ಪಟ್ಟಿಯಲ್ಲಿ 'ಸರಿಸು' ಒತ್ತಿ ಕೈಯನ್ನು ಅಲುಗಿಸದೆ ಹಾಗೇ ಇಟ್ಟರು. ಪೆಟ್ಟಿಗೆ ಬೇರೆ ಸಾಲಿಗೆ ಹಾರಿತು. ಅಲ್ಲಿ ಹೋಗಿಯೂ ಬೆಳಗುತ್ತಲೇ ಇತ್ತು.

"ಬಾಣ ಅಲುಗಿಲ್ಲ, ತಂಗೀ. ಕೆಳಗಿದ್ದ ಪೆಟ್ಟಿಗೆಯೇ ಎದ್ದು ಹೋಯ್ತು. ಬಾಣ ಅಲುಗದಿದ್ರೆ ನಿನ್ನ ವಿಚಾರಣೆ ಶುರುವೇ ಆಗಲ್ಲ."

ನಿಂಗ್ರುಮ್ ಕೀಬೋರ್ಡ್ ಎಳೆದುಕೊಂಡಳು. "ಚಿತ್ರ ಬದಲಾದಾಗಲೂ ಕೇಳ್ಬೇಕು" ಎಂದಳು.

"ಹೂಂ. ಬರಿ. ನಾನು ಹೇಳ್ತೀನಿ ಎಲ್ಲಿ ಅಂತ. ನನ್ನ ಹಳೇ ಕೋಡು ಅದು, ನೀನು ಅಳಿಸದೆ ಉಳಿದದ್ದು."

ಇಬ್ಬರೂ ಒಂದೇ ಬದಿಯಲ್ಲಿ ಕೂತು ಬರೆದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

ಗುರುವಾರ ಬಂತು. ಅಂಬೊನ್ ಹಡಗಿಗೆ ಹೆಪ್ಪುಗಟ್ಟಿಸಿದ ಕೋಳಿಯ ಪೆಟ್ಟಿಗೆಗಳು ತಡವಾಗಿ ಬಂದಿದ್ದವು. ಕರೆಂಟಿನ ಸಂಪರ್ಕ ಇರುವ ಸಾಲಿನಲ್ಲೇ ಅವು ಕೂರಬೇಕು. ಆ ಸಾಲಿನಲ್ಲಿ ಆಗಲೇ ಟೈಲ್ಸ್ ಕೂತಿತ್ತು. ಪಾಕ್ ಹಾಂಡೊಕೊ ಗೋಡೆಗೆ ಅಂಟಿಕೊಂಡಿದ್ದರು. ಬು ತುತಿಕ್ ಟೈಲ್ಸ್ ಪೆಟ್ಟಿಗೆಯ ಮೇಲೆ ಬಾಣ ಇಟ್ಟರು, ಪಟ್ಟಿ ಬಂತು. ಬಾಣವನ್ನು ಮೇಲೆ ಸರಿಸಿದರು. ಪಟ್ಟಿ ಅಲ್ಲೇ ನಿಂತಿತ್ತು. ಒತ್ತಿದರು. ಆಮೇಲೆ ಇನ್ನೊಂದು, ಮತ್ತೊಂದು. ತುದಿಯ ಪೆಟ್ಟಿಗೆ ಬಂದಾಗ ನಾನು ನಿಂಗ್ರುಮ್ ಮುಖ ನೋಡಿದೆ. ಅವಳು ಪರದೆ ನೋಡುತ್ತಿರಲಿಲ್ಲ, ಬು ತುತಿಕ್ ಅವರ ಕೈ ನೋಡುತ್ತಿದ್ದಳು. ಆ ಕೈ ಎಲ್ಲಿಯೂ ತಡವರಿಸಲಿಲ್ಲ. ಸ್ವಲ್ಪ ಹೊತ್ತಿಗೆ ನಾವು ಅಲ್ಲಿರುವುದನ್ನೇ ಅವರು ಮರೆತು, "ಏಯ್, ನಾಲ್ಕನೇ ಕ್ರೇನು, ನಿದ್ದೆ ಮಾಡ್ತಿದೀಯಾ?" ಎಂದು ವಾಕಿ-ಟಾಕಿಯಲ್ಲಿ ಗುಡುಗಿದರು.

ಎಲ್ಲ ಮುಗಿದ ಮೇಲೆ ತಿರುಗಿ ನೋಡಿ ಬೆಚ್ಚಿದರು. "ಇನ್ನೂ ಇಲ್ಲೇ ಇದ್ದೀರಾ?"

"ಹೇಗಿತ್ತು, ಬು?" ಪಾಕ್ ಹಾಂಡೊಕೊ ಕೇಳಿದರು.

"ಯಾವುದು?" ಎಂದರು ಅವರು. ಆಮೇಲೆ ನೆನಪಾಗಿ, "ಓ, ಅದಾ. ಅಕ್ಷರ ಸಣ್ಣದಾಯ್ತು. ನನ್ನ ಕಣ್ಣಿಗೆ ನಿನ್ನ ವಯಸ್ಸಲ್ಲ, ಮಗಳೇ. ದೊಡ್ಡದು ಮಾಡಿಕೊಡು. ಮತ್ತೆ ಹೊಟ್ಟೆಗೇನಾದ್ರೂ ಹಾಕಿದ್ದೀಯಾ? ಕೆಳಗೆ ರಾವೊನ್ ಸಾರು ಚೆನ್ನಾಗಿರುತ್ತೆ, ನನ್ನ ಹೆಸರು ಹೇಳು, ಒಳ್ಳೆ ಮಾಂಸ ಹಾಕ್ತಾನೆ."

ಪಾಕ್ ಹಾಂಡೊಕೊ ಆಗಲೇ ಕೆಳಗಿಳಿಯುತ್ತಿದ್ದರು, ಹಾಡೊಂದನ್ನು ಗುನುಗುತ್ತಾ. ನಿಂಗ್ರುಮ್ ಊಟದಂಗಡಿಗೆ ಹೋಗಲಿಲ್ಲ. ಹಡಗಿನ ಪ್ರೋಗ್ರಾಂ ಬರೆಯುತ್ತಿದ್ದರೂ ಅವಳು ಹಡಗುಕಟ್ಟೆಯ ಅಂಚಿಗೆ ಎಂದೂ ಹೋದವಳಲ್ಲ. ಕಾವಲಿನವನಿಂದ ಹಳದಿ ಹೆಲ್ಮೆಟ್ ಪಡೆದು ಬೇಲಿಯ ಬಳಿ ನಿಂತಳು; ನಾನೂ ಅವಳ ಪಕ್ಕಕ್ಕೆ ಹೋದೆ. ಕ್ರೇನು ಬಿಳಿ ಪೆಟ್ಟಿಗೆಯೊಂದನ್ನು ಎತ್ತಿ, ಬಿಸಿಲಲ್ಲಿ ಮೆಲ್ಲಗೆ ತಿರುಗಿಸಿ, ಹಡಗಿನೊಳಗೆ ಇಳಿಸಿತು. ಒಬ್ಬ ಕೆಲಸಗಾರ ಬಗ್ಗಿ ಅದರ ವಯರನ್ನು ಸಿಕ್ಕಿಸಿ, ಮೇಲೆ ನೋಡಿ ಹೆಬ್ಬೆರಳೆತ್ತಿದ.

"ಇದು ಕೋಳಿ, ಮಾಸ್ ಗಿ" ಅಂದಳು ನಿಂಗ್ರುಮ್, ಯಾರೋ ನೆಂಟರನ್ನು ಗುರುತಿಸಿದ ಹಾಗೆ. ಮುಂದಿನ ಪೆಟ್ಟಿಗೆ ಏಳುವುದನ್ನು ನೋಡಲು ಕಣ್ಣಿಗೆ ಕೈ ಅಡ್ಡ ಹಿಡಿದಳು.