ಮರಿಯಮ್ಮನ ಹಬ್ಬದ ತೆನೆ

ಮರುದಿನ ತೆನೆಹಬ್ಬ. ಮಾತೆ ಮರಿಯಮ್ಮ ಹುಟ್ಟಿದ ದಿನ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ಬಣಕಲ್ಲಿನ ಚರ್ಚಿಗೆ ಆ ತೆನೆ ತರುವ ಹೊಣೆ ಟೈಲರ್ ಕ್ಲೋಟಿಲ್ಡಾಳದು. ಅಪ್ಪ ಬದುಕಿರುವವರೆಗೆ ಅವರೇ ತರುತ್ತಿದ್ದರು. ಅವರು ಹೋದ ಮೇಲೆ ಆ ಕೆಲಸ ಇವಳ ಪಾಲಿಗೆ ಬಂತು.

ಅಂದು ಬೆಳಿಗ್ಗೆಯಿಂದ ಒಂದೂ ನೆಟ್ಟಗಾಗಲಿಲ್ಲ. ತೆನೆ ತರಲು ಗೋಣಿಬೀಡಿಗೆ ಕಾರಿನಲ್ಲಿ ಕರೆದೊಯ್ಯುತ್ತೇನೆಂದಿದ್ದ ಗಂಡ ಗ್ರೆಗರಿ, ಎಸ್ಟೇಟಿನಲ್ಲಿ ಸ್ಪ್ರೇ ಪಂಪು ಕೆಟ್ಟಿದೆಯೆಂದು ಹೊರಟುಹೋದ. "ನೀನು ಬಸ್ಸಲ್ಲಿ ಹೋಗಿ ಬಾ" ಎಂದು ಫೋನಿನಲ್ಲೇ ಹೇಳಿದ. ಮೂಡಿಗೆರೆಯಲ್ಲಿ ಅವಳ ಕಣ್ಣೆದುರೇ ಗೋಣಿಬೀಡಿನ ಬಸ್ಸು ಹೊರಟಿತು. ಬಹಳ ಹೊತ್ತು ಕಾದು ಹತ್ತಿದ ಇನ್ನೊಂದು ಬಸ್ಸಿನ ಟೈರು ದಾರಿಯಲ್ಲೇ ಪಂಕ್ಚರ್ ಆಯಿತು. ಜಿಟಿಜಿಟಿ ಮಳೆಯಲ್ಲಿ ಕೊಡೆ ಬಿಡಿಸಿಕೊಂಡು, ಗಂಡನನ್ನೂ ಬಸ್ಸನ್ನೂ ಬೈಯುತ್ತ, ಉಳಿದ ದಾರಿಯನ್ನು ನಡೆದೇ ಮುಗಿಸಿದಳು.

ಪ್ರತಿ ವರ್ಷ ತೆನೆ ಕೊಡುವ ತಿಮ್ಮಪ್ಪನವರದು ಗೋಣಿಬೀಡಿನ ಹತ್ತಿರ ಸಣ್ಣ ಗದ್ದೆ, ಒಂದಿಷ್ಟು ಕಾಫಿ. ಅವರ ಹೆಂಡತಿ ಸರೋಜಮ್ಮ ಬೇಲಿಯ ದಣಪೆಯ ಹತ್ತಿರವೇ ನಿಂತಿದ್ದರು. ಕ್ರೈಸ್ತ ಹೆಂಗಸರನ್ನು 'ಬಾಯಮ್ಮ', ಗಂಡಸರನ್ನು 'ಪರ್ಬುಗಳು' ಎಂದು ಕರೆಯುವುದು ಆ ಕಡೆಯ ರೂಢಿ.

"ಬನ್ನಿ ಬಾಯಮ್ಮ. ನಿಮಗೆ ಹೆಂಗೆ ಹೇಳದು ಅಂತ್ಲೇ ಗೊತ್ತಾಗ್ತಿಲ್ಲ. ನಿನ್ನೆ ಆನೆ ಬಂದಿತ್ತು."

ಗದ್ದೆ ನೋಡಿ ಕ್ಲೋಟಿಲ್ಡಾ ಅಲ್ಲೇ ನಿಂತುಬಿಟ್ಟಳು. ತೆನೆ ಬಿಟ್ಟಿದ್ದ ಮೂಲೆಯ ಮಡಿ ಪೂರ್ತಿ ಕೆಸರಾಗಿತ್ತು. ದೊಡ್ಡ ದೊಡ್ಡ ಹೆಜ್ಜೆಗುಳಿಗಳಲ್ಲಿ ನೀರು ನಿಂತಿತ್ತು. ಬದು ಒಡೆದು, ಪಕ್ಕದ ಗದ್ದೆಗಳ ಹಸಿರು ಪೈರೂ ಮಲಗಿತ್ತು. ಅವಳಿಗೆ ಅಳುವೇ ಬಂತು. ದೇವರೇ, ನಿನ್ನ ತಾಯಿಯ ಹಬ್ಬಕ್ಕೆ ತಾನೇ ನಾನು ಇಷ್ಟು ಒದ್ದಾಡಿದ್ದು? ಒಂದಾದರೂ ಸರಿಯಾಗಿ ಆಗಬಾರದಿತ್ತೇ ಎಂದು ಮನಸ್ಸಿನಲ್ಲೇ ಜಗಳಕ್ಕೆ ನಿಂತಳು.

ಬದುವಿಗೆ ಮಣ್ಣು ಮೆತ್ತುತ್ತಿದ್ದ ತಿಮ್ಮಪ್ಪ ಗುದ್ದಲಿ ಬಿಟ್ಟು ಬಂದರು.

"ಬೇರೆ ಗದ್ದೆಲಿ ಸಿಗಲ್ವಾ ತಿಮ್ಮಪ್ಪಣ್ಣ?" ಎಂದು ಕೇಳಿದಳು.

"ಈಗ ಎಲ್ಲಿ ತೆನೆ ಬಾಯಮ್ಮ? ನಮ್ಮ ಕಡೆ ಕದಿರು ಹೊರಡಕ್ಕೆ ಇನ್ನೂ ದಿನ ಐತೆ. ನಿಮ್ಮ ಹಬ್ಬಕ್ಕೆ ಬೇಕು ಅಂತ ಈ ಮಡಿ ಮಾತ್ರ ಮುಂಚೆ ಬಿತ್ತದು. ಹಾಲುಗಾಳಿನ ವಾಸನೆಗೆ ಆನೆ ಸೀದಾ ಇಲ್ಲಿಗೇ ಬಂದದೆ."

ಕ್ಲೋಟಿಲ್ಡಾಳಿಗೆ ಇದು ಗೊತ್ತೇ ಇರಲಿಲ್ಲ. ವರ್ಷವರ್ಷವೂ ಬರುತ್ತಿದ್ದಳು, ಕೊಯ್ದಿಟ್ಟ ಕಟ್ಟನ್ನು ಎತ್ತಿಕೊಂಡು ಹೋಗುತ್ತಿದ್ದಳು. ಆ ತೆನೆ ಯಾಕೆ ಅಷ್ಟು ಬೇಗ ಬಲಿಯುತ್ತದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

"ಹಂಗಾದ್ರೆ ನಮ್ಮಿಂದಾನೇ ನಿಮ್ಮ ಬೆಳೆ ಹಾಳಾಯ್ತಲ್ಲ!"

"ಬಿಡ್ತು ಅನ್ನಿ. ನಿಮ್ಮಪ್ಪ ಪರ್ಬುಗಳು ಕೇಳಿದ್ರು, ಅವತ್ತಿಂದ ಬಿತ್ತಾ ಇದೀನಿ. ಹಬ್ಬ ಅಂದ್ರೆ ಹಬ್ಬ ಅಲ್ವಾ? ಹುಡುಕನ, ಬನ್ನಿ. ಎಲ್ಲೋ ಒಂದಿಷ್ಟು ಉಳಿದಿರ್ತದೆ."

ಮೂವರೂ ಸೀರೆ, ಪಂಚೆ ಎತ್ತಿಕಟ್ಟಿ ಕೆಸರಿಗಿಳಿದರು. ಬಗ್ಗಿದಷ್ಟೂ ಸಿಕ್ಕಿತು: ಇಲ್ಲೊಂದು ಕದಿರು, ಅಲ್ಲೆರಡು. ಸರೋಜಮ್ಮ ಒಂದೊಂದು ಸಿಕ್ಕಾಗಲೂ "ಇಗೊಳ್ಳಿ, ಇನ್ನೊಂದು" ಎಂದು ಮಗುವಿನಂತೆ ಕೂಗುತ್ತಿದ್ದರು. ಕೊನೆಗೆ ಒಂದು ಹಿಡಿಯಷ್ಟಾಯಿತು.

ತೋಡಿನ ನೀರಿನಲ್ಲಿ ತೆನೆ ತೊಳೆಯುತ್ತಿದ್ದ ಕ್ಲೋಟಿಲ್ಡಾಳ ತುಟಿಯ ಮೇಲೆ ರೂಢಿಯ ಜಪ ಬಂತು. ಆದರೆ ಬಾಯಿಪಾಠ ಅರ್ಧಕ್ಕೇ ನಿಂತಿತು. ಅಲ್ಲಿಂದ ಮುಂದೆ ಬಂದದ್ದು ಅವಳದೇ ಮಾತು. ಸ್ವಾಮಿ, ಬೆಳೆಗಾಗಿ ನಿನಗೆ ವಂದನೆ ಎಂದು ಪ್ರತಿ ಹಬ್ಬಕ್ಕೂ ಹೇಳಿದ್ದೇನೆ. ಬೆಳೆದವರ ಹೆಸರು ಹಿಡಿದು ಒಮ್ಮೆಯೂ ಹೇಳಲಿಲ್ಲ. ಈ ತಿಮ್ಮಪ್ಪಣ್ಣನಿಗಾಗಿ ವಂದನೆ, ಈ ಸರೋಜಕ್ಕನಿಗಾಗಿ ವಂದನೆ. ನೀನು ಕೊಡುತ್ತಲೇ ಇದ್ದೆ, ನನಗೆ ಕಂಡಿರಲಿಲ್ಲ. ಹಾಗೆ ಹೇಳಿಕೊಳ್ಳುತ್ತಿದ್ದಂತೆ ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದುದು ಮೆಲ್ಲನೆ ಆರಿತು.

ಎದ್ದು ಬಂದು, ಸ್ವಲ್ಪ ಸಂಕೋಚದಿಂದ ಕೇಳಿದಳು: "ತಿಮ್ಮಪ್ಪಣ್ಣ, ನಿಮ್ಮ ಗದ್ದೆಗೊಂದು ಪ್ರಾರ್ಥನೆ ಮಾಡ್ಲಾ?"

"ಮಾಡಿ ಬಾಯಮ್ಮ, ಅದಕ್ಕೇನು ಕೇಳದು?" ಎಂದು ಅವರು ತಲೆಗೆ ಸುತ್ತಿದ್ದ ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಸರೋಜಮ್ಮ ಕೈ ಮುಗಿದರು. ಬದುವಿನ ಮೇಲೆ ನಿಂತು ಕ್ಲೋಟಿಲ್ಡಾ ಗಟ್ಟಿಯಾಗಿ, ಅವರಿಗೂ ತಿಳಿಯುವಂತೆ ತನ್ನ ಮನೆಮಾತು ಬಿಟ್ಟು ಕನ್ನಡದಲ್ಲೇ ಪ್ರಾರ್ಥಿಸಿದಳು.

ಮರುದಿನ ಹಬ್ಬದ ಪೂಜೆಯಲ್ಲಿ ಮನೆಗೊಂದು ಕದಿರು ಬರಲಿಲ್ಲ, ನಾಲ್ಕು ಕಾಳು ಬಂತು. ಕಾರಣ ಹೇಳಮ್ಮ ಎಂದು ಫಾದರ್ ಅವಳನ್ನೇ ಮುಂದೆ ಕರೆದರು. ಬ್ಲೌಸು ಹೊಲಿಯುವ ಕ್ಲೋಟಿಲ್ಡಾ ಮೊದಲ ಸಲ ಅಷ್ಟು ಜನರೆದುರು ನಿಂತು ತಿಮ್ಮಪ್ಪನವರ ಗದ್ದೆಯ ಕಥೆ ಹೇಳಿದಳು. ಪೂಜೆ ಮುಗಿದದ್ದೇ ಗ್ರೆಗರಿ ಕಾರಿನ ಡಿಕ್ಕಿಗೆ ಗುದ್ದಲಿ ಹಾಕಿದ. ಹಿಂದೆಯೇ ಒಂದು ಜೀಪಿನಲ್ಲಿ ಆರೇಳು ಮಂದಿ ಗದ್ದೆಯತ್ತ ಹೊರಟರು.

ಮಧ್ಯಾಹ್ನದ ಹೊತ್ತಿಗೆ ಬದು ನಿಂತಿತ್ತು. ಮಲಗಿದ ಪೈರಿನಲ್ಲಿ ಬದುಕುವಷ್ಟನ್ನು ಎತ್ತಿ ಕಟ್ಟಿದ್ದರು. ಕ್ಲೋಟಿಲ್ಡಾ ಹಬ್ಬದ ರೂಢಿಯಂತೆ ತನ್ನ ಪಾಲಿನ ಕಾಳನ್ನು ಸರೋಜಮ್ಮನ ಒರಳಲ್ಲೇ ಅರೆದು ತೆಂಗಿನಹಾಲಿಗೆ ಬೆರೆಸಿ, ಮೊದಲ ಲೋಟವನ್ನು ಆ ಮನೆಯ ಹಿರಿಯರಾದ ತಿಮ್ಮಪ್ಪನವರ ಕೈಗೆ ಕೊಟ್ಟಳು.

ಅವರು ಒಂದು ಗುಟುಕು ಕುಡಿದು, ಮೀಸೆ ಒರೆಸಿಕೊಂಡು, "ಇಷ್ಟು ವರ್ಷ ಬೆಳೆದೆ, ಇದರ ರುಚಿ ಇವತ್ತು ಗೊತ್ತಾಯ್ತು ನೋಡಿ" ಎಂದರು.