ಟೈಲರಜ್ಜಿಯ ಕನ್ನಡಕ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ವೃದ್ಧಾಶ್ರಮದಲ್ಲಿ ಆಯಾ ಆಗಿ ಹನ್ನೊಂದು ವರ್ಷ ದುಡಿದಿದ್ದೇನೆ. ನನಗೆ ತಿಳಿಯದ್ದು ಯಾವುದೂ ಇಲ್ಲ ಎಂಬ ಜಂಬ ಬೇರೆ.

ನಮ್ಮಲ್ಲೊಬ್ಬರು ಟೈಲರಜ್ಜಿ. ನಲವತ್ತು ವರ್ಷ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವರು. ಇಲ್ಲಿಗೆ ಬಂದ ಮೇಲೂ ಎಲ್ಲರ ಗುಂಡಿ, ಕಾಜಾ ಅವರದೇ ಪಾಲು. ಅಂಥವರು ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲಿಗೆ ಹಣೆ ಬಡಿದುಕೊಳ್ಳತೊಡಗಿದರು. ಪಕ್ಕದವರ ಮಂಚದಲ್ಲಿ ಹೋಗಿ ಮಲಗಿದರು. ಗೋಡೆಗೆ ತೂಗುಹಾಕಿದ ಕೋಟನ್ನು "ಊಟ ಆಯ್ತಾ?" ಎಂದು ಮಾತಾಡಿಸಿದರು. ಸೂಜಿ ಮುಟ್ಟುವುದನ್ನೇ ಬಿಟ್ಟರು.

"ಅಜ್ಜಿಗೆ ಅರಳುಮರಳು," ಎಂದು ನಾನೇ ತೀರ್ಪು ಕೊಟ್ಟೆ. ಮಗಳನ್ನು ಕರೆಸಿದೆವು. ಅಜ್ಜಿಯನ್ನು ಹಿಂದಿನ ಬೀಗ ಹಾಕುವ ಕೋಣೆಗೆ ಕಳಿಸಲು ಆಕೆಯ ಸಹಿ ಬೇಕಿತ್ತು. ಆ ಕೋಣೆಗೆ ಹೋದವರು ಮತ್ತೆ ಅಂಗಳದಲ್ಲಿ ಓಡಾಡಿದ್ದನ್ನು ನಾನಂತೂ ಕಂಡಿಲ್ಲ.

ಊಟದ ಕೋಣೆಯಲ್ಲಿ ಎಲ್ಲರೆದುರೇ ಮಗಳು ಪೆನ್ನು ಹಿಡಿದಳು. ಹೊಸದಾಗಿ ಬಂದಿದ್ದ ನರ್ಸ್ ನನ್ನನ್ನು ಕೇಳಿದಳು, "ಅಕ್ಕಾ, ಅಜ್ಜಿ ಕಣ್ಣು ಪರೀಕ್ಷೆ ಮಾಡ್ಸಿದ್ರಾ?"

"ಕಣ್ಣಿಗೇನಾಗಿದೆ ತಾಯಿ? ಕನ್ನಡಕ ಮೂಗಿನ ಮೇಲೇ ಇದ್ಯಲ್ಲ!" ಎಂದೆ.

ನರ್ಸ್ ಅಜ್ಜಿಯ ಪಕ್ಕ ಕುಳಿತಳು. "ಅಜ್ಜಿ, ಇದು ನಿಮ್ಮ ಕನ್ನಡಕಾನಾ?"

"ನಂದಲ್ಲ, ನಂದಲ್ಲ ಅಂತ ಮೂರು ವಾರದಿಂದ ಬಾಯಿ ಬಡ್ಕೋತಿದೀನಿ ಕಣೇ! ಎಲ್ರೂ 'ಆಯ್ತಜ್ಜಿ, ಆಯ್ತಜ್ಜಿ' ಅಂತ ತಲೆ ಸವರಿ ಹೋಗ್ತಾರೆ."

ಮೂರು ವಾರದ ಹಿಂದೆ ಎಲ್ಲರ ಕನ್ನಡಕಗಳನ್ನೂ ಒಂದೇ ಟಬ್ಬಿನಲ್ಲಿ ತೊಳೆದು, ಅಂದಾಜಿನ ಮೇಲೆ ಹಂಚಿದವಳು ನಾನು. ಎಲ್ಲವೂ ಕಪ್ಪು ಫ್ರೇಮು!

ಹುಡುಕಿದರೆ, ಅಜ್ಜಿಯ ಕನ್ನಡಕ ನಿವೃತ್ತ ಪೋಸ್ಟ್‌ಮಾಸ್ಟರ್ ಮೂಗಿನ ಮೇಲಿತ್ತು. "ಪೇಪರ್‌ನವ್ರು ಮಸಿ ಉಳಿಸೋಕೆ ಅಕ್ಷರ ಮಸುಕು ಮಾಡಿದಾರೆ ಅಂದ್ಕೊಂಡಿದ್ದೆ," ಎಂದರು ಪಾಪ.

ಅಜ್ಜಿ ತಮ್ಮ ಕನ್ನಡಕ ಹಾಕಿಕೊಂಡರು. ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಈ ಅಂಗಿ ಯಾರೇ ಹೊಲ್ದಿದ್ದು? ಎಡಗಡೆ ತೋಳು ಅರ್ಧ ಇಂಚು ಉದ್ದ ಇದೆ. ಕೊಡಿಲ್ಲಿ, ಸರಿ ಮಾಡ್ತೀನಿ!"

ಊಟದ ಕೋಣೆಯೆಲ್ಲ ಗೊಳ್ಳೆಂದಿತು. ಮಗಳು ಅಳುತ್ತಲೇ ನಕ್ಕಳು. "ಅಮ್ಮನ್ನ ಒಂದು ಮಾತೂ ಕೇಳ್ದೆ ಸಹಿ ಹಾಕ್ತಿದ್ನಲ್ಲಾ," ಎಂದು ಕಾಗದವನ್ನು ಹರಿದು ಚೂರುಚೂರು ಮಾಡಿದಳು.

ಈಗ ನಮ್ಮಲ್ಲಿ ಪ್ರತಿ ಕನ್ನಡಕಕ್ಕೂ, ಹಲ್ಲಿನ ಸೆಟ್ಟಿನ ಡಬ್ಬಿಗೂ, ಕಿವಿಯ ಯಂತ್ರದ ಡಬ್ಬಿಗೂ ಹೆಸರಿನ ಬಟ್ಟೆಪಟ್ಟಿ ಇದೆ. ಪಟ್ಟಿಯ ಮೇಲೆ ಹೆಸರು ಹೊಲಿದವರು ಟೈಲರಜ್ಜಿಯೇ. ಬೆಳಿಗ್ಗೆ ಅಂಗಳಕ್ಕೆ ಎರಡು ಸುತ್ತು ಹಾಕುತ್ತಾರೆ, ನಾನು ಎದುರಾದರೆ ಬೈಯುತ್ತಾರೆ. ಬೈಸಿಕೊಳ್ಳಲು ನನಗೆ ಖುಷಿಯೋ ಖುಷಿ.

ಓದುತ್ತಿರುವವರೇ, ನಿಮ್ಮ ಹಿರಿಯರು ಆಶ್ರಮದಲ್ಲಿರಲಿ, ಮನೆಯಲ್ಲಿರಲಿ, ಇದ್ದಕ್ಕಿದ್ದಂತೆ ಬದಲಾದರೆ ವಯಸ್ಸಾಯಿತೆಂದು ಕೈತೊಳೆದುಕೊಳ್ಳಬೇಡಿ. ವೈದ್ಯರಿಗೆ ತೋರಿಸಿ, ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಮರೆವಿನ ಕಾಯಿಲೆಯೇ ಇದ್ದರೂ ಅದಕ್ಕೂ ಆರೈಕೆ ಇದೆ. ಈ ವಾರ ಅವರನ್ನು ನೋಡಲು ಹೋದಾಗ ಪಕ್ಕದಲ್ಲಿ ಕುಳಿತು, "ಸರಿಯಾಗಿ ಕಾಣುತ್ತಾ? ಕೇಳುತ್ತಾ? ಏನು ಬೇಕು?" ಎಂದು ವಿಚಾರಿಸಿ. ಅವರು ಹೇಳಿದ್ದನ್ನು ನಂಬಿ.